ತುಟಿಯ ಹಿಂದೆ ಬಿದ್ದ ದನಿ

ಟೀವಿ ಸ್ಟುಡಿಯೋದಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಚಪ್ಪಾಳೆ ಎಂದು. ಬೆಳಗ್ಗೆ ಬೇರೆ ಯಾರೂ ಬರುವ ಮೊದಲೇ ಖಾಲಿ ವೇದಿಕೆಯ ಮೇಲೆ ಒಬ್ಬನೇ ನಿಂತು, ಕ್ಯಾಮೆರಾದ ಕಣ್ಣಿಗೆ ಕಣ್ಣಿಟ್ಟು, ಎರಡೂ ಕೈ ಅಗಲಿಸಿ ಟಪ್ಪೆಂದು ಒಂದು ಚಪ್ಪಾಳೆ ತಟ್ಟುವುದರಿಂದ ಅವನ ಕೆಲಸ ಶುರುವಾಗುತ್ತಿತ್ತು. ಆಮೇಲೆ ಮೆಟ್ಟಿಲು ಹತ್ತಿ ಕಂಟ್ರೋಲ್ ರೂಮಿಗೆ ಹೋಗಿ, ಅದೇ ಚಪ್ಪಾಳೆಯನ್ನು ಮಾನಿಟರಿನಲ್ಲಿ ಹಿಂದೆ ಮುಂದೆ ಓಡಿಸಿ, ಅಂಗೈ ಅಂಗೈಗೆ ತಾಗುವ ಚಿತ್ರಕ್ಕೂ ಸದ್ದಿಗೂ ಕೂಡಿಬಂತೇ ಎಂದು ನೋಡುತ್ತಿದ್ದ. ಈ ಕಟ್ಟಡದಲ್ಲಿ ತನಗೆ ತಾನೇ ಚಪ್ಪಾಳೆ ತಟ್ಟಿಕೊಂಡು ಸಂಬಳ ತಗೊಳ್ಳೋ ಮನುಷ್ಯ ಇವನೊಬ್ಬನೇ ಎಂದು ಲೈಟಿನವರು ಗೇಲಿ ಮಾಡುತ್ತಿದ್ದರು. ಅವನಿಗೇನೂ ಬೇಸರವಿರಲಿಲ್ಲ.

"ಬೇರೆಯವರು ತಟ್ಟೋ ತನಕ ಕಾಯ್ತಾ ಕೂತ್ರೆ ಪ್ರೋಗ್ರಾಂ ಶುರುವಾಗಲ್ಲಪ್ಪ" ಎನ್ನುತ್ತಿದ್ದ.

ಅವನ ಕಸುಬನ್ನು ಹೀಗೆ ವಿವರಿಸಬಹುದು. ಕ್ಯಾಮೆರಾದಿಂದ ಹೊರಟ ಚಿತ್ರ ನೋಡುಗರ ಮನೆ ಮುಟ್ಟುವ ಮೊದಲು ಹಲವಾರು ಪೆಟ್ಟಿಗೆಗಳ ಬಾಗಿಲು ತಟ್ಟಬೇಕು. ಒಂದು ಬಣ್ಣ ತಿದ್ದುತ್ತದೆ, ಇನ್ನೊಂದು ಕೆಳಗೆ ಅಕ್ಷರ ಓಡಿಸುತ್ತದೆ, ಮತ್ತೊಂದು ಏನು ಮಾಡುತ್ತದೆಂದು ಅದನ್ನು ಕೊಂಡವರಿಗೂ ಮರೆತಿರುತ್ತದೆ. ಪ್ರತಿಯೊಂದೂ ಕಚೇರಿಯ ಗುಮಾಸ್ತರ ಹಾಗೆ 'ಸ್ವಲ್ಪ ಕೂತಿರಿ' ಎಂದು ಚಿತ್ರವನ್ನು ಬೆಂಚಿನ ಮೇಲೆ ಕೂರಿಸಿಬಿಡುತ್ತದೆ. ಶಬ್ದಕ್ಕೆ ಈ ತಾಪತ್ರಯ ಕಡಿಮೆ. ತಂತಿಗೆ ಬಿದ್ದರೆ ಆ ತುದಿಯಲ್ಲಿ ಹೋಗಿ ನಿಂತಿರುತ್ತದೆ. ಆದ್ದರಿಂದ ಶಬ್ದವನ್ನು ಬಾಗಿಲಲ್ಲೇ ಹಿಡಿದು, ಚಿತ್ರ ಬರುವ ತನಕ ತಡೆದು ನಿಲ್ಲಿಸಲು ಒಂದು ಗುಂಡಿಯಿದೆ. ಎಷ್ಟು ತಡೆಯಬೇಕೆಂದು ಆ ಗುಂಡಿ ತಿರುಗಿಸುವವನು ಚಪ್ಪಾಳೆ. ಈ ತಡೆಯನ್ನು ಅಳೆಯಲು ಉಪಕರಣವೂ ಇತ್ತು. ಅದು ಕೊಂಡ ದಿನದ ಪ್ಲಾಸ್ಟಿಕ್ಕನ್ನು ಮೈಮೇಲಿಂದ ತೆಗೆಯದೆ ಕಪಾಟಿನಲ್ಲಿ ಕೂತಿತ್ತು. "ನನ್ನ ಕಣ್ಣಿರೋವಾಗ ಅದ್ಯಾಕೆ?" ಎಂಬುದು ಅವನ ವಾದ.

ಆ ಕಣ್ಣನ್ನು ಕಸುಬು ಕೆಡಿಸಿಯೂ ಇತ್ತು. ಯಾರೇ ಮಾತಾಡಿದರೂ ಅವನು ನೋಡುವುದು ಬಾಯಿಯನ್ನು. ಬ್ಯಾಂಕಿನ ಗಾಜಿನ ಹಿಂದೆ ಕೂತ ಹೆಂಗಸು ಏನು ಹೇಳಿದಳೆಂಬುದು ತಲೆಗೆ ಹೋಗದಿದ್ದರೂ, 'ಪ' ಎನ್ನುವಾಗ ಅವಳ ತುಟಿ ಸರಿಯಾಗಿ ಕೂಡಿತ್ತು ಎಂಬುದು ಗೊತ್ತಾಗುತ್ತಿತ್ತು. ಪ, ಬ, ಮ ಎಂದರೆ ಅವನಿಗೆ ಬಲು ನಂಬಿಕೆ. ಬಾಯಿ ಮುಚ್ಚದೆ ಹೇಳಲಾಗದ ಅಕ್ಷರಗಳು. ಸುಳ್ಳು ಸಾಕ್ಷಿ ನುಡಿಯಲು ಬಾರದವು. ಕ, ಗಗಳನ್ನು ನೆಚ್ಚಿಕೊಳ್ಳುವಂತಿಲ್ಲ, ಗಂಟಲೊಳಗೇ ಗುಟ್ಟಾಗಿ ವ್ಯವಹಾರ ಮುಗಿಸಿಬಿಡುತ್ತವೆ.

ಮದುವೆಯಾಗಿರಲಿಲ್ಲ. ಕೇಳಿದವರಿಗೆ, ಊರಿನ ಶಬ್ದವನ್ನೆಲ್ಲ ತಡೆದು ನಿಲ್ಲಿಸುತ್ತ ನಿಲ್ಲಿಸುತ್ತ ತಾನೂ ಅಲ್ಲೇ ನಿಂತುಬಿಟ್ಟೆ ಎನ್ನುತ್ತಿದ್ದ. ವಾಸ ಬೀದಿಯ ಕೊನೆಯ ಕಟ್ಟಡದ ಮೇಲ್ಮಹಡಿಯ ಕೋಣೆಯಲ್ಲಿ, ಊಟ ಅದೇ ಬೀದಿಯ ಅಕ್ಕನ ಮನೆಯಲ್ಲಿ. ಅಕ್ಕ ಶಾಲೆಯ ಮಕ್ಕಳಿಗೆ ಯೂನಿಫಾರ್ಮ್ ಹೊಲಿಯುವವಳು. ತಾಯಿ ಹೋದ ಮೇಲೆ ತಮ್ಮನನ್ನು ಬೆಳೆಸಿದವಳೂ ಅವಳೇ ಆದ್ದರಿಂದ, ಅವನ ಅಳತೆ ಅವಳಿಗೆ ಟೇಪು ಹಿಡಿಯದೆ ಗೊತ್ತು. ಭಾವ ಲಾರಿ ಓಡಿಸುತ್ತ ವರ್ಷದ ಬಹುಪಾಲು ಪರ ಊರಿನ ರಸ್ತೆಗಳಲ್ಲಿರುತ್ತಿದ್ದ. ಮಗಳು ಒಬ್ಬಳೇ, ಔಷಧಿ ಅಂಗಡಿಯಲ್ಲಿ ಕೆಲಸ. ಮನೆಯಲ್ಲಿ ಅವಳನ್ನು ಗುಬ್ಬಿ ಎನ್ನುತ್ತಿದ್ದರು. ಹಾಡುತ್ತಾಳೆಂದು ಇಟ್ಟ ಹೆಸರಲ್ಲ; ಚಿಕ್ಕಂದಿನಲ್ಲಿ ತಟ್ಟೆಯಲ್ಲಿದ್ದದ್ದನ್ನು ನಾಲ್ಕು ಸಲ ಕುಕ್ಕಿ ಎದ್ದು ಓಡುತ್ತಿದ್ದಳೆಂದು ಇಟ್ಟದ್ದು. ಹಾಡು ಆಮೇಲೆ ಬಂತು. ಹೊಲಿಗೆ ಮಿಷಿನ್ನಿನ ಸದ್ದಿನ ಮೇಲೆ ಕೇಳಿಸಬೇಕಾದ್ದರಿಂದ ಗಟ್ಟಿಯಾಗಿಯೇ ಬಂತು. ಅವಳಿಗೆ ಪಾಠ ಹೇಳಿದ ಟೀಚರು ಬಹಳ ಕಟ್ಟುನಿಟ್ಟು. ಮೈಕನ್ನು ಕಚ್ಚಬಾರದು, ದೂರ ನಿಲ್ಲಬೇಕು, ಅತ್ತಿತ್ತ ಕುಣಿಯಬಾರದು, ಪ್ರತಿ ಅಕ್ಷರವೂ ತುಟಿಯ ಮೇಲೆ ಕಾಣಬೇಕು. ಇಷ್ಟು ಒಳ್ಳೆಯ ಪಾಠದಿಂದ ಯಾರಿಗಾದರೂ ಕೇಡಾಗುತ್ತದೆಂದು ಯಾರು ತಾನೇ ಎಣಿಸಿಯಾರು.

ಚಪ್ಪಾಳೆಯ ಚಾನೆಲ್ಲಿನವರು ಹಾಡಿನ ಸ್ಪರ್ಧೆ ಶುರುಮಾಡಿದರು. ವಾರಕ್ಕೊಮ್ಮೆ, ನೇರ ಪ್ರಸಾರ. ನಿಯಮಗಳಲ್ಲಿ ಒಂದು, ಚಾನೆಲ್ಲಿನಲ್ಲಿ ಕೆಲಸ ಮಾಡುವವರ ಹತ್ತಿರದ ನೆಂಟರು ಭಾಗವಹಿಸುವಂತಿಲ್ಲ. ಗುಬ್ಬಿ ಅದನ್ನು ಓದಿ ಸುಮ್ಮನಾಗಿದ್ದಳು. ಸುಮ್ಮನಾಗದವಳು ಅಕ್ಕ.

"ನೀನೇನು ಹತ್ತಿರದ ನೆಂಟ? ಊಟಕ್ಕೆ ಮಾತ್ರ ಬರೋನು."

"ಊಟಕ್ಕೆ ಬರೋನಿಗಿಂತ ಹತ್ತಿರದೋನು ಇನ್ನ್ಯಾರಕ್ಕ?"

"ಯಾರು ಕೇಳ್ತಾರೆ? ಅವಳ ಮುಖ ನಿನ್ನ ಥರ ಇದ್ದಿದ್ರೆ ಹೆದರಬೇಕಿತ್ತು. ದೇವರು ಅವಳನ್ನ ಕಾಪಾಡಿದಾನೆ."

ಹೀಗೆ ಗುಬ್ಬಿ ಸ್ಪರ್ಧೆಗೆ ಸೇರಿದಳು. ಸ್ಟುಡಿಯೋದಲ್ಲಿ ಇಬ್ಬರೂ ಅಪರಿಚಿತರು. ಮನೆಯಲ್ಲಿ 'ಮಾಮ, ನೀರು ಕೊಡು' ಎನ್ನುವವಳು ಅಲ್ಲಿ 'ಸಾರ್' ಎನ್ನುತ್ತಿದ್ದಳು. ಒಮ್ಮೆ ಮಾತ್ರ ಎದುರಾದಾಗ, "ಸಾರ್, ನಿಮ್ಮ ಶರ್ಟಿನ ಗುಂಡಿ ಇನ್ನೂ ಹಾಕಿಸ್ಕೊಂಡಿಲ್ವಾ?" ಎಂದುಬಿಟ್ಟಳು. ಪಕ್ಕದಲ್ಲಿದ್ದ ಲೈಟಿನವನು, ಈಗಿನ ಹುಡುಗೀರು ಎಷ್ಟು ಸೂಕ್ಷ್ಮ ನೋಡಿ ಎಂದ. 'ಇನ್ನೂ' ಎಂಬ ಮಾತು ಅವನ ಕಿವಿಗೆ ಬೀಳದಿದ್ದದ್ದು ಪುಣ್ಯ. ಅವಳು ವಾರ ವಾರವೂ ಗೆದ್ದು ಮುಂದಿನ ಸುತ್ತಿಗೆ ಹೋದಳು. ಅಕ್ಕ ಹೊಲಿಯುತ್ತ ಹೊಲಿಯುತ್ತ ಗುಂಡಿಯ ಕಾಜಾ ಇಡಬೇಕಾದಲ್ಲಿ ಜೇಬು ಇಡುವಷ್ಟು ಮೈಮರೆತಳು.

ಆ ದಿನಗಳಲ್ಲೇ ಕಂಟ್ರೋಲ್ ರೂಮಿಗೆ ಹೊಸ ಮಾನಿಟರ್ ಬಂತು. ಹಳೆಯದು ಗೂನುಬೆನ್ನಿನ ಭಾರದ ಡಬ್ಬ. ಅದನ್ನು ಹೊರಲಾರದೆ ಹೊರಗಿನ ಕಾರಿಡಾರಿನಲ್ಲೇ ಇಳಿಸಿ, ಮೇಲೆ ಚಹಾದ ಫ್ಲಾಸ್ಕುಗಳನ್ನಿಟ್ಟರು. ಹೊಸದು ಕ್ಯಾಲೆಂಡರಿನ ಹಾಗೆ ಗೋಡೆಗೆ ಅಂಟಿಕೊಂಡಿತು. ಅದರಲ್ಲಿ ನೋಡಿದರೆ ಸುದ್ದಿ ಓದುವವರ ಮುಖದ ಪೌಡರ್ ಕೂಡ ಎಣಿಸಬಹುದಿತ್ತು. ಚಪ್ಪಾಳೆ ಎಂದಿನಂತೆ ಬೆಳಗ್ಗೆ ತಟ್ಟಿ, ಮೇಲೆ ಬಂದು ನೋಡಿದ. ಸದ್ದು ಮೊದಲು ಬಂತು, ಕೈ ಆಮೇಲೆ ಕೂಡಿತು. ದಾರಿಯಲ್ಲಿ ಯಾವುದೋ ಪೆಟ್ಟಿಗೆ ಹೊಸದಾಗಿ ಸೇರಿಸಿದ್ದಾರೆ ಎಂದುಕೊಂಡ. ಗುಂಡಿ ತಿರುಗಿಸಿ ಶಬ್ದವನ್ನು ಇನ್ನಷ್ಟು ತಡೆದ. ಕೈಗೂ ಸದ್ದಿಗೂ ಕೂಡಿತು. ತೃಪ್ತಿಯಾಗಿ ಚಹಾ ಕುಡಿದ.

ಹೊಸ ಪೆಟ್ಟಿಗೆ ಸೇರಿದ್ದು ನಿಜ. ಆದರೆ ಅದು ದಾರಿಯಲ್ಲಿರಲಿಲ್ಲ, ಅವನ ಕಣ್ಣೆದುರಿಗೇ ಇತ್ತು. ಆ ಮಾನಿಟರೇ ಚಿತ್ರವನ್ನು ಚಂದ ಮಾಡುವ ಸಡಗರದಲ್ಲಿ ಒಂದಿಷ್ಟು ಹೊತ್ತು ಹಿಡಿದಿಟ್ಟುಕೊಂಡು ಆಮೇಲೆ ತೋರಿಸುತ್ತಿತ್ತು. ಹೊರಗೆ ಹೋಗುವ ಚಿತ್ರಕ್ಕೆ ಆ ತಡ ಇರಲಿಲ್ಲ. ಓರೆ ಕನ್ನಡಿ ನೋಡಿಕೊಂಡು ನೇರ ಬೈತಲೆಯನ್ನು ಓರೆ ಮಾಡಿಕೊಂಡವನ ಹಾಗೆ, ಚಪ್ಪಾಳೆ ತನ್ನ ಕೋಣೆಯಲ್ಲಿ ಎಲ್ಲವನ್ನೂ ಸರಿಮಾಡಿ, ಊರಿನ ಮನೆಮನೆಯಲ್ಲಿ ಕೆಡಿಸಿದ್ದ. ಅಲ್ಲೆಲ್ಲ ಮೊದಲು ತುಟಿ ಆಡುತ್ತಿತ್ತು, ದನಿ ಹಿಂದೆ ಬೀಳುತ್ತಿತ್ತು.

ಆ ವಾರದ ಸ್ಪರ್ಧೆಯಲ್ಲಿ ಇದು ಯಾರ ಮುಖದ ಮೇಲೂ ಕಾಣಿಸದೆ ಹೋಗಬಹುದಿತ್ತು. ನಿರೂಪಕನಿಗೆ ಮೇಲ್ದುಟಿಯ ಜೊತೆ ಕೆಳದುಟಿಯನ್ನೂ ಮುಚ್ಚುವಷ್ಟು ದೊಡ್ಡ ಮೀಸೆ. ಉಳಿದ ಸ್ಪರ್ಧಿಗಳು ಮೈಕನ್ನು ಐಸ್‌ಕ್ರೀಮಿನ ಹಾಗೆ ಬಾಯಿಗೊತ್ತಿಕೊಂಡು ವೇದಿಕೆಯ ತುಂಬ ಓಡಾಡಿದರು. ಗುಬ್ಬಿ ಒಬ್ಬಳೇ ಟೀಚರ ಮಾತು ಮೀರದೆ ಮೈಕಿನಿಂದ ದೂರ, ಕದಲದೆ ನಿಂತಳು. ಕದಲದ ಮುಖ ಎಂದರೆ ಕ್ಯಾಮೆರಾದವನಿಗೆ ಹಬ್ಬ. ಹಾಡು ಮುಗಿಯುವ ತನಕ ತೆರೆಯ ತುಂಬ ಅವಳ ಮುಖ, ಮುಖದ ತುಂಬ ಅವಳ ಬಾಯಿ. ಒಂದೊಂದು 'ಮ'ಕ್ಕೂ ತುಟಿ ಅಂದವಾಗಿ ಮುಚ್ಚಿ ತೆರೆಯಿತು. 'ಮ' ಎಂಬ ದನಿ ಮಾತ್ರ ತುಟಿ ತೆರೆದ ಮೇಲೆ ಬಂತು.

ಮರುದಿನ ಬೆಳಗಾಗುವಷ್ಟರಲ್ಲಿ ಆ ತುಣುಕು ಎಲ್ಲರ ಫೋನಿನಲ್ಲಿತ್ತು. ರೆಕಾರ್ಡು ಹಾಕಿ ಬಾಯಾಡಿಸಿದ್ದಾಳೆ, ನೇರ ಪ್ರಸಾರವಂತೆ, ಯಾರ ಕಿವಿಗೆ ಹೂವು ಎಂದು ಜನ ಬರೆದರು. 'ತುಟಿ ಈ ವಾರ, ದನಿ ಮುಂದಿನ ವಾರ' ಎಂದು ಒಬ್ಬ ಬರೆದದ್ದು ಎಲ್ಲಕ್ಕಿಂತ ಹೆಚ್ಚು ಓಡಿತು. ಔಷಧಿ ಅಂಗಡಿಗೆ ಕೆಮ್ಮಿನ ಸಿರಪ್ಪಿಗೆ ಬಂದ ಗಿರಾಕಿಯೊಬ್ಬ, ನಿಮಗಂತೂ ಸಿರಪ್ಪು ಬೇಕಾಗಲ್ಲ ಬಿಡಮ್ಮ, ಗಂಟಲು ಬಳಸೋದೇ ಇಲ್ಲವಲ್ಲ ಎಂದು ನಕ್ಕು ಹೋದ.

ಚಪ್ಪಾಳೆಗೆ ಮೊದಲು ಸಿಟ್ಟು ಬಂದದ್ದು ಫೋನುಗಳ ಮೇಲೆ. ಫೋನಿನಲ್ಲಿ ಹೀಗೆಲ್ಲ ಆಗುವುದುಂಟು. ಸಂಜೆ ಊಟಕ್ಕೆ ಹೋದರೆ ಅಕ್ಕನ ಮಿಷಿನ್ ನಿಂತಿತ್ತು. ಟೀವಿಯಲ್ಲಿ ಮರುಪ್ರಸಾರ. ಗುಬ್ಬಿ ಅದಕ್ಕೆ ಬೆನ್ನು ಹಾಕಿ, ಗೋಡೆಯ ಕನ್ನಡಿಗೆ ಮುಖ ಕೊಟ್ಟು, ದನಿಯಿಲ್ಲದೆ ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದಳು.

"ಆಗಿನಿಂದ ಹೀಗೇ," ಎಂದಳು ಅಕ್ಕ. "ಮೀನಿನ ಥರ. ನೀನಾದರೂ ಹೇಳು."

ಅವನ ಕಣ್ಣು ಟೀವಿಗೆ ಹೋಗಿತ್ತು. ಟೀವಿಯಲ್ಲಿ ಗುಬ್ಬಿಯ ಹಿಂದೆ, ಮಸುಕಾಗಿ, ಡ್ರಮ್ಮಿನವನ ಕೈ ಕಾಣುತ್ತಿತ್ತು. ಕೋಲು ಕೆಳಗಿಳಿದು ಬಡಿಯಿತು. ಮತ್ತೆ ಮೇಲೆದ್ದಿತು. ಆಗ ಸದ್ದು ಬಂತು. ಚಪ್ಪಾಳೆ ಟೀವಿಯತ್ತ ಎರಡು ಹೆಜ್ಜೆ ಹೋದ.

"ಮಾಮ," ಎಂದಳು ಗುಬ್ಬಿ ಕನ್ನಡಿಯಿಂದ ತಿರುಗದೆ. "ನಾನು ತಡವಾಗಿ ಹಾಡ್ತೀನಾ? ಬಾಯಿ ಮೊದಲು ತೆಗೆದು ಆಮೇಲೆ ದನಿ ಬಿಡ್ತೀನಾ? ನನಗೆ ಹಾಡೋವಾಗ ಸರಿ ಅನ್ಸುತ್ತೆ. ಆದ್ರೆ ನೋಡಿದ್ರೆ ಹಾಗೇ ಇದೆ."

"ಇಲ್ಲ ಗುಬ್ಬಿ."

"ನೀನು ಬಿಡು. ನಾನು ಊಳಿಟ್ರೂ ಚೆನ್ನಾಗಿದೆ ಅನ್ನೋನು."

ಆಗಲೇ ಹೇಳಬಹುದಿತ್ತು. ಹೇಳಬೇಕಾದ್ದು ಒಂದೇ ಮಾತು. ಆದರೆ ಪೂರ್ತಿ ಖಾತ್ರಿಯಾಗಲಿ, ನಾಳೆ ನೋಡಿ ಹೇಳೋಣ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಸಂಕಟವೆಂದರೆ, ಅವನಿಗೆ ಖಾತ್ರಿಯಾಗಿತ್ತು. ಊರಿನ ಶಬ್ದವನ್ನೆಲ್ಲ ತಡೆಯುವವನು ಅವತ್ತು ತನ್ನದೇ ಮಾತನ್ನು ಗಂಟಲಲ್ಲಿ ತಡೆದು, ತಟ್ಟೆಯಲ್ಲಿದ್ದದ್ದನ್ನು ತಲೆ ತಗ್ಗಿಸಿ ತಿಂದ.

ಬೆಳಗ್ಗೆ ಯಾರೂ ಬರುವ ಮೊದಲೇ ಕಾರಿಡಾರಿಗೆ ಹೋಗಿ, ಫ್ಲಾಸ್ಕುಗಳನ್ನಿಳಿಸಿ, ಹಳೆಯ ಮಾನಿಟರನ್ನು ನೆಲದ ಮೇಲೆ ಎಳೆಯುತ್ತ ಎಳೆಯುತ್ತ ಕಂಟ್ರೋಲ್ ರೂಮಿಗೆ ತಂದ. ಬೆನ್ನು ಹಿಡಿದುಕೊಂಡಿತು. ತಂತಿ ಸಿಕ್ಕಿಸಿ, ಕೆಳಗೆ ಹೋಗಿ ಒಂದು ಚಪ್ಪಾಳೆ ತಟ್ಟಿ, ಮೇಲೆ ಬಂದು ಎರಡರಲ್ಲೂ ಒಟ್ಟಿಗೆ ಓಡಿಸಿದ. ಹಳೆಯದರಲ್ಲಿ ಕೈಗಳು ಕೂಡಿ ಆಗಿತ್ತು. ಹೊಸದರಲ್ಲಿ ಇನ್ನೂ ಅಗಲವಾಗಿ ತೆರೆದೇ ಇದ್ದವು. ಒಂದೇ ಚಪ್ಪಾಳೆಗೆ ಎರಡು ಜೋಡಿ ಕೈ. ಅವನು ಅದನ್ನು ಮತ್ತೆ ಮತ್ತೆ ನೋಡಿದ. ಕಪಾಟಿನಿಂದ ಅಳೆಯುವ ಉಪಕರಣವನ್ನು ತೆಗೆದು, ಹಲ್ಲಿನಿಂದ ಪ್ಲಾಸ್ಟಿಕ್ ಹರಿದು, ಹಚ್ಚಿ ನೋಡಿದ. ಅದು ಹಳೆಯ ಗೂನನ ಪರವಾಗಿ ಸಾಕ್ಷಿ ಹೇಳಿತು.

ಗುಂಡಿ ಹಿಂದಕ್ಕೆ ತಿರುಗಿಸಿದ. ಇನ್ನು ಮುಂದೆ ಸರಿಯಾಗುತ್ತದೆ. ಯಾರಿಗೂ ತಿಳಿಯಬೇಕಾಗಿಲ್ಲ. ಮೇಡಂಗೆ ಹೇಳಿದರೆ, ಅಂದರೆ ಸ್ಪರ್ಧೆಯನ್ನು ನಡೆಸುವ ನಿರ್ಮಾಪಕಿಗೆ ಹೇಳಿದರೆ, ಅವರು ಕೇಳುವ ಮೊದಲ ಪ್ರಶ್ನೆಯೇ ಅವಳ ಪರವಾಗಿ ಇಷ್ಟು ವಾದಿಸೋಕೆ ಆ ಹುಡುಗಿ ನಿಮಗೇನಾಗಬೇಕು ಎಂಬುದು. ಮೇಡಂ ನೆಟ್ಟಗೆ ನೋಡಿ ಕೇಳಿದರೆ ಸುಳ್ಳು ಹೇಳಿದವರನ್ನು ಅವನು ಕಂಡಿರಲಿಲ್ಲ. ಬಾಯಿ ಬಿಟ್ಟರೆ ನೆಂಟಸ್ತಿಕೆ ಹೊರಬಿದ್ದು ಗುಬ್ಬಿ ಸ್ಪರ್ಧೆಯಿಂದ ಹೊರಗೆ. ಬಾಯಿ ಮುಚ್ಚಿಕೊಂಡಿದ್ದರೆ ಈ ವಾರ ಹಾಡು ಸರಿಯಾಗಿ ಕಾಣುತ್ತದೆ, ಜನ ಮರೆಯುತ್ತಾರೆ, ಅವಳು ಉಳಿಯುತ್ತಾಳೆ. ಲೆಕ್ಕಾಚಾರ ಚೆನ್ನಾಗಿಯೇ ಇತ್ತು. ಅದರಲ್ಲಿ ಗುಬ್ಬಿಯನ್ನು ಸೇರಿಸಲು ಮರೆತಿದ್ದ, ಅಷ್ಟೆ.

ಮಧ್ಯಾಹ್ನ ತಾಲೀಮು. ಕಂಟ್ರೋಲ್ ರೂಮಿನ ಗಾಜಿನಿಂದ ಅವನು ಕೆಳಗೆ ನೋಡುತ್ತಿದ್ದ. ಮೇಡಂ ವೇದಿಕೆಯ ಮುಂದೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ವಾದ್ಯಗಳು ಶುರುವಾದವು. ಗುಬ್ಬಿ ಉಸಿರೆಳೆದುಕೊಂಡು, ಹಾಡು ಎತ್ತಿಕೊಳ್ಳಬೇಕಾದ ಜಾಗಕ್ಕಿಂತ ಚೂರು ಮೊದಲೇ ಎತ್ತಿಕೊಂಡಳು. ಡ್ರಮ್ಮಿನವನು ಕೋಲು ನಿಲ್ಲಿಸಿದ. ಇನ್ನೊಮ್ಮೆ. ಮತ್ತೆ ಮೊದಲೇ. ದನಿ ಹಿಂದೆ ಬೀಳುತ್ತದೆಂದು ನಂಬಿ ಅವಳು ದನಿಯನ್ನು ಕತ್ತು ಹಿಡಿದು ಮುಂದೆ ನೂಕುತ್ತಿದ್ದಳು. ತನ್ನ ಕಿವಿ ಹೇಳುವುದನ್ನು ಕೇಳುವುದನ್ನೇ ಬಿಟ್ಟಿದ್ದಳು. ಹಾಡುತ್ತ ಹಾಡುತ್ತ ಬೆರಳನ್ನು ತುಟಿಯ ಮೇಲಿಟ್ಟು ಮುಟ್ಟಿ ನೋಡಿಕೊಳ್ಳುವುದನ್ನು ಕಂಡಾಗ ಚಪ್ಪಾಳೆಗೆ ಕೂತಲ್ಲಿ ಕೂರಲಾಗಲಿಲ್ಲ.

"ಯಾಕಮ್ಮ ಓಡ್ತಿದ್ದೀಯ?" ಎಂದ ಡ್ರಮ್ಮಿನವನು. "ಹಿಂದೆ ಯಾರಾದ್ರೂ ಅಟ್ಟಿಸ್ಕೊಂಡು ಬರ್ತಿದಾರಾ?"

"ರೆಕಾರ್ಡು ಹಾಕಿದ್ರೆ ಸರಿಹೋಗುತ್ತೆ ಬಿಡಿ" ಎಂದಿತು ಒಂದು ದನಿ ಲೈಟುಗಳ ಹಿಂದಿನ ಕತ್ತಲೆಯಿಂದ. ಕೆಲವರು ನಕ್ಕರು.

ಮೇಡಂ ನಗಲಿಲ್ಲ. "ನೋಡಮ್ಮ, ಆಗಲ್ಲ ಅನ್ಸಿದ್ರೆ ಈಗಲೇ ಹೇಳು. ಇವತ್ತಿಗೆ ಬಿಟ್ಬಿಡೋಣ. ನೇರ ಪ್ರಸಾರದಲ್ಲಿ ಹೀಗಾದ್ರೆ ನಿನಗೇ ಕಷ್ಟ."

ಗುಬ್ಬಿ ಮೈಕಿನ ಸ್ಟ್ಯಾಂಡನ್ನು ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದಳು. ಅವಳನ್ನು ಚಿಕ್ಕಂದಿನಿಂದ ನೋಡಿದ್ದ ಚಪ್ಪಾಳೆಗೆ ಆ ಹೆಜ್ಜೆಯ ಅರ್ಥ ಗೊತ್ತಿತ್ತು. ಇನ್ನು ಇವತ್ತಲ್ಲ, ಎಂದೂ ಇಲ್ಲ ಎನ್ನುವ ಹೆಜ್ಜೆ ಅದು.

ಅವನು ವೇದಿಕೆಯ ಸ್ಪೀಕರಿಗೆ ಮಾತಾಡುವ ಗುಂಡಿ ಒತ್ತಿದ. "ಒಂದ್ ನಿಮಿಷ. ಹೋದ ವಾರ ತಪ್ಪಾಗಿದ್ದು ಇಲ್ಲಿ, ಕಂಟ್ರೋಲ್ ರೂಮಲ್ಲಿ. ಶಬ್ದ ತಡ ಮಾಡಿದ್ದು ನಾನು. ಹಾಡಿದವರದ್ದೇನೂ ತಪ್ಪಿಲ್ಲ."

ಕೆಳಗೆ ಎಲ್ಲರೂ ಕತ್ತೆತ್ತಿ ಗಾಜಿನ ಕಡೆ ನೋಡಿದರು. ಗುಬ್ಬಿಯೂ ನೋಡಿದಳು. ಅವಳ ಮುಖದಲ್ಲಿ ಕಂಡದ್ದು ಸಮಾಧಾನವಲ್ಲ, ಕನಿಕರ. ಪಾಪ, ನನಗೋಸ್ಕರ ಎಂಥಾ ಸುಳ್ಳು ಹೇಳ್ತಿದಾನೆ ನೋಡು ಎಂಬಂತೆ. ಮನೆಯವರ ಸಾಕ್ಷಿಗೆ ಇರುವ ಬೆಲೆ ಅಷ್ಟೇ. ಅದು ಕೋರ್ಟಿನಲ್ಲಿ ಮಾತ್ರವಲ್ಲ, ಮನೆಯಲ್ಲೂ ಹಾಗೆಯೇ.

"ಹಾಡಿದವರಿಗೆ ಇಲ್ಲಿಗೆ ಬರೋಕೆ ಹೇಳಿ" ಎಂದ ಚಪ್ಪಾಳೆ. "ಡ್ರಮ್ಮಿನವರೂ ಬರಲಿ."

ಬಂದರು. ಹಿಂದಿನಿಂದ ಮೇಡಂ ಕೂಡ ಬಂದು ಬಾಗಿಲಿಗೆ ಒರಗಿ ನಿಂತರು. ಚಪ್ಪಾಳೆ ಹೋದ ವಾರದ ರೆಕಾರ್ಡಿಂಗನ್ನು ಹಳೆಯ ಮಾನಿಟರಿನಲ್ಲಿ ಓಡಿಸಿದ. ಗುಬ್ಬಿ ತನ್ನ ಮುಖ ಕಂಡದ್ದೇ ಕಣ್ಣು ತಪ್ಪಿಸಿದಳು.

"ನಿಮ್ಮನ್ನ ನೋಡ್ಬೇಡಿ. ಹಿಂದೆ ನೋಡಿ. ಕೋಲು."

ಕೋಲು ಇಳಿಯಿತು, ಬಡಿಯಿತು, ಎದ್ದಿತು. ಆಮೇಲೆ ಸದ್ದು. ಅವನು ಮತ್ತೆ ಓಡಿಸಿದ. ಡ್ರಮ್ಮಿನವನು ತೆರೆಯ ಹತ್ತಿರ ಬಗ್ಗಿ ತನ್ನ ಕೈಯನ್ನೇ ಅನುಮಾನದಿಂದ ನೋಡಿದ.

"ನಾನು ರೆಕಾರ್ಡು ಹಾಕಿದ್ನಾ?" ಎಂದು ಅವನು ಕೇಳಿದ. "ಎರಡು ಕೈಲಿ ಬಡಿದೂ ಬಡಿದೂ ಭುಜ ಹೋಗಿತ್ತಲ್ಲ ಅವತ್ತು."

ಗುಬ್ಬಿ "ಇನ್ನೊಂದ್ಸಲ" ಎಂದಳು. ಇನ್ನೊಂದು ಸಲ ಓಡಿತು. ಆಮೇಲೆ ತನ್ನ ಮುಖವನ್ನು ನೋಡಿದಳು, ಆಮೇಲೆ ಕೋಲನ್ನು, ಮತ್ತೆ ಮುಖವನ್ನು. ತುಟಿ ಎಷ್ಟು ಮುಂದಿತ್ತೋ ಕೋಲೂ ಅಷ್ಟೇ ಮುಂದಿತ್ತು. ಅವಳ ಭುಜಗಳು ನಿಧಾನಕ್ಕೆ ಕೆಳಗಿಳಿದವು. ಆಮೇಲೆ, ಎದುರಿಗಿರುವವನು ಯಾರು, ತಾನು ಎಲ್ಲಿದ್ದೇನೆ ಎಂಬುದೆಲ್ಲ ಮರೆತು ಅವನ ತೋಳಿಗೆ ಒಂದು ಗುದ್ದು ಕೊಟ್ಟಳು.

"ನಿನ್ನೆ ಊಟಕ್ಕೆ ಕೂತಾಗಲೇ ಗೊತ್ತಿತ್ತಲ್ವಾ ನಿನಗೆ? ನಾನು ಕನ್ನಡಿ ಮುಂದೆ ಸಾಯ್ತಿದ್ದೆ ಮಾಮ, ನೀನು ಸುಮ್ನೆ ತಿಂತಿದ್ದೆ."

ಅವನು ಗುದ್ದು ಬಿದ್ದ ತೋಳನ್ನು ಉಜ್ಜಿಕೊಂಡ.

"ಮಾಮ?" ಎಂದರು ಮೇಡಂ ಬಾಗಿಲಿನಿಂದ.

"ಅಕ್ಕನ ಮಗಳು," ಎಂದ ಚಪ್ಪಾಳೆ. ಈ ಸಲ ತಡೆಯಲಿಲ್ಲ. "ಒಡಹುಟ್ಟಿದ ಅಕ್ಕ. ಮುಚ್ಚಿಟ್ಟಿದ್ವಿ."

ಮೇಡಂ ಇಬ್ಬರ ಮುಖವನ್ನೂ ಒಮ್ಮೆ ನೋಡಿದರು. ಕೆಟ್ಟವರಲ್ಲ ಅವರು, ಕೆಟ್ಟವರಾಗಿದ್ದರೆ ಚಪ್ಪಾಳೆಗೆ ಸುಲಭವಾಗುತ್ತಿತ್ತು, ಬೈದುಕೊಳ್ಳಬಹುದಿತ್ತು. "ಇದನ್ನ ನಾನು ಕೇಳಿಸ್ಕೊಂಡಿಲ್ಲ ಅನ್ನೋಕಾಗಲ್ಲ," ಎಂದರು. "ಉಳಿದ ಹುಡುಗರಿಗೆ ಏನು ಹೇಳಲಿ? ಅವಳು ಗೆದ್ದು ಆಮೇಲೆ ತಿಳಿದಿದ್ರೆ? ಶಬ್ದದ ತಪ್ಪು ನಮ್ಮದೇ ಅಂತ ತೆರೆ ಮೇಲೆ ಹಾಕಿಸ್ತೀನಿ. ಸ್ಪರ್ಧೆಯಲ್ಲಿ ಇವಳು ಇರೋ ಹಾಗಿಲ್ಲ." ಬಾಗಿಲು ದಾಟಿದವರು ಒಮ್ಮೆ ನಿಂತರು. "ನಿಮ್ಮ ವಿಷಯ ನಾಳೆ."

ಗುಬ್ಬಿ ಕೆಳಗಿಳಿದು ತನ್ನ ಚೀಲ ತೆಗೆದುಕೊಳ್ಳುವಷ್ಟರಲ್ಲಿ ಲೈಟಿನವನು ಕೂಗಿದ. ಆ ಜಾಗಕ್ಕೆ ಬೆಳಕು ಹೊಂದಿಸುವುದು ಬಾಕಿಯಿತ್ತು. ಮೈಕಿನ ಹತ್ತಿರ ಯಾರಾದರೂ ನಿಲ್ಲಬೇಕಿತ್ತು. "ಅಮ್ಮ, ಹೋಗೋ ಮುಂಚೆ ಒಂಚೂರು ನಿಂತ್ಕೋತೀರಾ? ನಿಮ್ಮಷ್ಟೇ ಎತ್ತರದೋರು ಇನ್ಯಾರೂ ಇಲ್ಲ."

ಅವಳು ಚೀಲವನ್ನು ಹೆಗಲಿನಿಂದ ತೆಗೆಯದೆ ಹೋಗಿ ನಿಂತಳು. ಡ್ರಮ್ಮಿನವನು ವಾಪಸು ಬಂದು ಕೂತವನು, ಕೇಳದೆಯೇ, ಮೆಲ್ಲಗೆ ಶುರುಮಾಡಿದ. ಉಳಿದವರೂ ಸೇರಿಕೊಂಡರು. ಎತ್ತಿಕೊಳ್ಳಬೇಕಾದ ಜಾಗ ಬಂದಾಗ ಗುಬ್ಬಿ ಸರಿಯಾಗಿ ಅಲ್ಲೇ ಎತ್ತಿಕೊಂಡಳು. ಲೈಟಿನವನು ಏಣಿಯ ಮೇಲಿಂದ ದೀಪವನ್ನು ಅತ್ತ ತಿರುಗಿಸಿ, ಇತ್ತ ತಿರುಗಿಸುತ್ತಿದ್ದರೆ, ಅವಳ ಮುಖ ಒಮ್ಮೆ ಕೆಂಪಾಯಿತು, ಒಮ್ಮೆ ನೀಲಿಯಾಯಿತು, ಒಮ್ಮೆ ಕಪ್ಪಾಗಿ ಕಾಣದೇ ಹೋಯಿತು. ಅವಳು ನಿಲ್ಲಿಸಲಿಲ್ಲ. ಸ್ಪರ್ಧೆಯಲ್ಲಿ ಅವಳು ಹಾಡಿದ್ದರಲ್ಲೆಲ್ಲ ಅದೇ ಚೆನ್ನಾಗಿತ್ತು. ಯಾವ ಕ್ಯಾಮೆರಾವೂ ಓಡುತ್ತಿರಲಿಲ್ಲ. ಗಾಜಿನ ಹಿಂದೆ ಚಪ್ಪಾಳೆಯ ಕೈ ರೆಕಾರ್ಡಿಂಗಿನ ಗುಂಡಿಯ ಮೇಲೆ ಹೋಗಿ, ಇನ್ನು ತನಗೆ ಅದರ ಹಕ್ಕಿಲ್ಲವೆಂದು ತೋರಿ, ವಾಪಸು ಬಂತು.

ಮೇಡಂ ಮಾತು ಉಳಿಸಿಕೊಂಡರು. ಮುಂದಿನ ಪ್ರಸಾರದಲ್ಲಿ ತೆರೆಯ ಅಡಿಯಲ್ಲಿ 'ತಾಂತ್ರಿಕ ದೋಷಕ್ಕೆ ವಿಷಾದ, ಸ್ಪರ್ಧಿ ನೇರವಾಗಿಯೇ ಹಾಡಿದ್ದರು' ಎಂಬ ಸಾಲು ಓಡಿತು. ಅಷ್ಟರಲ್ಲಿ ಮಾಮನ ಸುದ್ದಿಯೂ ಹೊರಬಿದ್ದಿದ್ದರಿಂದ, ರೆಕಾರ್ಡು ಹಾಕಿದ್ದೇ ಮಾಮ, ವಿಷಾದ ಹಾಕಿಸಿದ್ದೂ ಮಾಮ ಎಂದು ಜನ ತೀರ್ಮಾನಿಸಿದರು. ಹಳೆಯ ತುಣುಕು ಈಗಲೂ ಆಗಾಗ ಯಾರದೋ ಫೋನಿನಲ್ಲಿ ತಲೆಯೆತ್ತುತ್ತದೆ. ಚಪ್ಪಾಳೆಯನ್ನು ಸ್ಪರ್ಧೆಯ ಸ್ಟುಡಿಯೋದಿಂದ ತೆಗೆದು ಹವಾಮಾನದ ಕೋಣೆಗೆ ಹಾಕಿದರು. ಅಲ್ಲಿ ಮೋಡಗಳಿಗೆ ತುಟಿಯಿಲ್ಲ. ಆದರೂ ಅವನು ದಿನವೂ ಉಪಕರಣವಿಟ್ಟು ಅಳೆಯುತ್ತಾನೆ, ಅಳೆದದ್ದನ್ನು ಮತ್ತೊಮ್ಮೆ ಅಳೆಯುತ್ತಾನೆ. ಸರಿಯಿದೆ ಎಂದು ಕಂಡರೆ ಭಯವಾಗುತ್ತದೆ.

ಅಕ್ಕ ಬೈಯಲಿಲ್ಲ. ಬೈದಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದ. ಮೊದಲ ದಿನ ಬಾಗಿಲು ತೆಗೆದು, "ನನಗೆ ಸಿಟ್ಟು ನೀನು ತಪ್ಪು ಮಾಡಿದ್ದಕ್ಕಲ್ಲ, ಮಾಡಿ ಬಾಯಿ ಬಿಡದೆ ನಮ್ಮ ಮನೇಲೇ ಕೂತು ಉಂಡಿದ್ದಕ್ಕೆ" ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಂಡಳು. ಅಂದಿನಿಂದ ಅವನು ಬಸ್ ನಿಲ್ದಾಣದ ಹೋಟೆಲಿನಲ್ಲಿ ಉಣ್ಣುತ್ತಿದ್ದ. ಗುಬ್ಬಿ ಬೀದಿಯಲ್ಲಿ ಸಿಕ್ಕರೆ ಕೈಬೀಸಿ ಹೋಗುತ್ತಿದ್ದಳು, ನಿಲ್ಲುತ್ತಿರಲಿಲ್ಲ. ಹಾಡುತ್ತೀಯಾ ಎಂದು ಕೇಳುವ ಧೈರ್ಯ ಅವನಿಗಾಗಲಿಲ್ಲ.

ಒಂದು ಬೆಳಗ್ಗೆ, ಅವನು ಮೋಡಗಳ ನಡುವೆ ಇದ್ದಾಗ, ಅಕ್ಕನ ಫೋನ್ ಬಂತು.

"ಏನ್ ಮಾಡ್ತಿದ್ದೀಯ?"

"ಮಳೆ ಬರುತ್ತೆ ಅಂತ ಹೇಳಿಸ್ತಿದ್ದೀನಿ."

"ಇವಳು ಎದ್ದಾಗಿಂದ ಹಾಡ್ತಿದ್ದಾಳೆ. ಅದೇ ಹಾಡು. ಅಂಗಡಿಗೆ ಹೊತ್ತಾಯ್ತು ಅಂದ್ರೂ ಕೇಳಲ್ಲ. ಅವಳ ಗಲಾಟೇಲಿ ನನ್ನ ಹೊಲಿಗೆ ಓರೆ ಹೋಗ್ತಿದೆ."

ಚಪ್ಪಾಳೆ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದ. "ತಾಳ ಹೇಗಿದೆ ಅಕ್ಕ?"

ಆ ಕಡೆ ಹೊಲಿಗೆ ಮಿಷಿನ್ನಿನ ಸದ್ದು ನಿಂತಿತು. ಅಕ್ಕ ಕೇಳಿಸಿಕೊಳ್ಳುತ್ತಿರಬೇಕು.

"ಸರಿಯಾಗೇ ಇದೆ," ಎಂದಳು. "ನನ್ನ ಸಿಟ್ಟು ಇಳಿದಿದೆ ಅಂತ ಅಂದ್ಕೋಬೇಡ."

"ಅಂದ್ಕೊಂಡಿಲ್ಲ" ಎಂದ.